ಮೊದಲ ಹಂಡೆಯ ಕೆಂಪು

ಕೊಚ್ಕೋರ್ ಊರಿನ ನಮ್ಮ ಉಣ್ಣೆ ಕೆಲಸದ ಸಂಘದ ಉಗ್ರಾಣದಲ್ಲಿ ಗೋಡೆ ಬರಿದಾಗಿತ್ತು. ಪ್ರದರ್ಶನಕ್ಕೆಂದು ರಾಜಧಾನಿಗೆ ಹೊರಡಬೇಕಿದ್ದ ಶಿರ್ದಾಕ್, ನನ್ನ ಅಮ್ಮ ಹೊಲಿದ ಉಣ್ಣೆಯ ಹಾಸು, ಕಾಣೆಯಾಗಿತ್ತು. ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಮೂವರ ಬಳಿ: ನಾನು, ನನ್ನ ತಂಗಿ ಸಾಲ್ಕಿನ್, ಬಣ್ಣ ಅದ್ದುವ ಕುಲಿಪಾ.

“ಈ ವಯಸ್ಸಲ್ಲಿ ಕಂಪ್ಯೂಟರ್ ಕಲಿತ್ರಲ್ಲ ಅಕ್ಕಾ, ತೋರ್ಸಿ ನಿಮ್ಮ ವಿದ್ಯೆ,” ಎಂದ ಮುಖ್ಯಸ್ಥ ತುರ್ಸುನ್‌ಬೇಕ್.

ಉಗ್ರಾಣದ ಕ್ಯಾಮೆರಾದಲ್ಲಿ ಒಂದೇ ಚಿತ್ರವಿತ್ತು, ಬೆಳಕು ಹರಿಯುವ ಮುಂಚಿನದು. ಕತ್ತಲಲ್ಲೊಂದು ಕೋಟಿನ ತೋಳು. ಕಣ್ಣಿಗೆ ಬರೀ ಕಪ್ಪು. ಆದರೆ ಚಿತ್ರದ ಪ್ರತಿ ಚುಕ್ಕೆಯಲ್ಲೂ ಮೂರು ಅಂಕಿ ಅಡಗಿರುತ್ತವೆ. ಕೆಂಪು, ಹಸಿರು, ನೀಲಿಗೆ ಒಂದೊಂದು. ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ತೋಳಿನ ಚುಕ್ಕೆಯನ್ನು ಓದಿಸಿದೆ. 61, 14, 11.

“ಮೊದಲನೆಯದೇ ದೊಡ್ಡದು. ಕೆಂಪು,” ಎಂದೆ.

ಮೂವರಲ್ಲಿ ಕೆಂಪು ಕೋಟು ಇದ್ದದ್ದು ಕುಲಿಪಾಳ ಬಳಿ ಮಾತ್ರ.

ಎಲ್ಲರೂ ಚಹಾಕ್ಕೆ ಕೂತಾಗ ಅವಳ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದೆ. ನಮ್ಮ ರೂಢಿಯಲ್ಲಿ, ಇನ್ನೂ ಕೂತಿರಲಿ ಅನ್ನುವವರಿಗೆ ಅರ್ಧ ಬಟ್ಟಲು. ತುಂಬಿದ ಬಟ್ಟಲೆಂದರೆ, ಕುಡಿದು ಹೊರಡು.

“ಇಪ್ಪತ್ತು ವರ್ಷ ಒಂದೇ ಬಣ್ಣದ ಹಂಡೆಗೆ ಕೈ ಹಾಕಿದೀವಿ,” ಎಂದಳು ಕುಲಿಪಾ. “ ನನ್ನ ಕಳ್ಳಿ ಅಂತೀರಾ?”

“ನಾನಲ್ಲ, ಅಂಕಿ ಹೇಳ್ತಿದೆ.”

“ಆ ಅಂಕಿಗೆ ಕೆಂಪು ಅಂದ್ರೆ ಏನಂತ ಗೊತ್ತಾ? ಮೊದ್ಲು ಅದನ್ನ ಕೇಳಿ.”

ಕೀಲಿ ಮೇಜಿನ ಮೇಲಿಟ್ಟು ಹೋದಳು. ಸಾಲ್ಕಿನ್ ನೆಲ ನೋಡುತ್ತಿದ್ದಳು.

\*

ಆ ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಮರುದಿನ ಕುಲಿಪಾ ಅದ್ದಿದ ಕೆಂಪು ಉಣ್ಣೆಯ ತುಂಡನ್ನು ಬಿಸಿಲಲ್ಲಿಟ್ಟು ಚಿತ್ರ ತೆಗೆದೆ. ಓದಿಸಿದೆ. 30, 25, 190.

ದೊಡ್ಡ ಅಂಕಿ ಕೊನೆಯಲ್ಲಿತ್ತು.

ನೀಲಿ ತುಂಡು ಇಟ್ಟೆ. ದೊಡ್ಡದು ಮೊದಲು ಬಂತು. ನನ್ನ ನಾಲ್ಕು ಸಾಲು ಚಿತ್ರ ಓದಲು ಬಳಸುವ ಸಿದ್ಧ ಪ್ರೋಗ್ರಾಂ ನೀಲಿಯಿಂದ ಎಣಿಸುತ್ತದೆ, ಕೆಂಪು ಕಟ್ಟಕಡೆಗೆ. ನಮ್ಮ ಬಣ್ಣದ ಮನೆಯಲ್ಲಿ ಮೊದಲ ಹಂಡೆ ಯಾವತ್ತೂ ಕೆಂಪು. ಅದೇ ರೂಢಿಯಲ್ಲಿ ಮೊದಲ ಅಂಕಿಯೂ ಕೆಂಪೆಂದುಕೊಂಡಿದ್ದೆ. ಕೇಳಿ ನೋಡಲೂ ಇಲ್ಲ.

ಹಾಗಾದರೆ ತೋಳು ನೀಲಿ. ಹಿಮ ಬೀಳತೊಡಗಿ ಮೂರು ದಿನವಾಗಿತ್ತು. ಒಬ್ಬಳು ಮಾತ್ರ ತನ್ನ ನೀಲಿ ಕೋಟು ಬಿಟ್ಟು ಬರೀ ಶಾಲು ಹೊದ್ದು ಓಡಾಡುತ್ತಿದ್ದಳು.

\*

“ನೀಲಿ ಕೋಟೆಲ್ಲೇ?”

“ಒಗೆಯೋಕೆ ಹಾಕಿದೀನಿ,” ಎಂದಳು ಸಾಲ್ಕಿನ್.

“ಈ ಚಳೀಲಿ?”

ಅವಳ ಮನೆಯ ಕೌದಿಗಳ ಒಟ್ಟಿಲನ್ನು ಒಂದೊಂದಾಗಿ ಇಳಿಸಿದೆ. ನಡುವೆ ಶಿರ್ದಾಕ್ ಮಡಚಿಟ್ಟಿತ್ತು.

“ಅಮ್ಮನ ಕೈಯಿಂದಾಗಿದ್ದು. ಊರು ಬಿಟ್ರೆ ವಾಪಸ್ ಬರುತ್ತಾ, ಅಕ್ಕಾ?”

“ಕುಲಿಪಾನ ಕಳಿಸುವಾಗ ಬಾಯಿ ಬಿಡಬಹುದಿತ್ತಲ್ಲೇ!”

“ನೀನು ಅಷ್ಟು ಗಟ್ಟಿಯಾಗಿ ಹೇಳ್ದೆ. ನಂಗೇ ಒಂದು ಗಳಿಗೆ ಅವಳೇ ಕದ್ದಿರಬೇಕು ಅನ್ನಿಸ್ತು.”

\*

ಅದೇ ಚಹಾದ ಮೇಜಿನಲ್ಲಿ, ಅಷ್ಟೇ ಜನರ ಮುಂದೆ ಎಲ್ಲ ಹೇಳಿದೆ. ತಂಗಿಯ ಕಳವು. ಅಂಕಿಗಳ ಸಾಲು. ನನ್ನ ಹಂಡೆಯ ಲೆಕ್ಕ. ಕರೆಸಿದ್ದ ಕುಲಿಪಾಳ ಮುಂದೆ ಕೀಲಿಯಿಟ್ಟೆ.

“ತಪ್ಪು ಯಂತ್ರದ್ದಲ್ಲ. ನಂದು.”

ಅವಳು ಕೀಲಿ ತೆಗೆದುಕೊಂಡಳು. ಆಮೇಲೆ ಚಹಾದ ಪಾತ್ರೆ ಎತ್ತಿ ನನ್ನ ಬಟ್ಟಲಿಗೆ ಸುರಿಯತೊಡಗಿದಳು. ಅರ್ಧಕ್ಕೆ ಬಂತು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಕೈ ನಿಲ್ಲಲಿಲ್ಲ.

ಅಂಚಿನವರೆಗೆ ತುಂಬಿದ ಬಟ್ಟಲನ್ನು ಒಂದು ಹನಿಯೂ ಚೆಲ್ಲದೆ ಕುಡಿದೆ. ತಲೆ ತಗ್ಗಿಸಿಕೊಂಡೇ ಬಾಗಿಲ ಬಳಿ ನನ್ನ ಬೂಟು ಹುಡುಕಿದೆ.