ಹನ್ನೊಂದು ಸೆಕೆಂಡು ಎಲ್ಲಿ ಹೋಯಿತು?

ಡುಮ್ಮನ ಕೈ ನನ್ನ ಜಾಕೆಟ್ಟಿನ ಕಾಲರ್ ಮೇಲಿತ್ತು. ಕಾಲರ್ ಒಳಗೆ ನನ್ನ ಕುತ್ತಿಗೆ ಇತ್ತು.

"ಲ್ಯಾಪ್‌ಟಾಪ್ ಕೊಡು," ಎಂದ.

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಏಳನೇ ಮಹಡಿಯ ಸರ್ವರ್ ರೂಮಿನಲ್ಲಿ ನಾವಿಬ್ಬರೇ. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು... ಎ.ಸಿ. ಚಳಿಗೆ ಅಂತ ಇಟ್ಟುಕೊಳ್ಳಿ. ಟೆಸ್ಟ್ ಮುಗಿಯಲು ಇನ್ನೂ ಇಪ್ಪತ್ತು ನಿಮಿಷ ಬೇಕಿತ್ತು. ನಾಲ್ಕಕ್ಕೆ ಮೀಟಿಂಗ್.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಕಂಪ್ಯೂಟರ್ ಮಂದಿ ನನ್ನನ್ನು ಸ್ಟಾಪ್‌ವಾಚ್ ಎನ್ನುತ್ತಾರೆ. ಎರಡು ಸರ್ವರ್‌ಗಳನ್ನು ಓಡಿಸಿ, ಯಾವುದು ಜೋರು ಎಂದು ಅಳೆದು, ಕೆಳಗೆ ಸಹಿ ಹಾಕುವುದು ನನ್ನ ಕಸುಬು. ನನ್ನ ಸಹಿ ಬಿದ್ದ ಮೇಲೆ ಯಾರೂ ತಕರಾರು ತೆಗೆಯುವುದಿಲ್ಲ. ಹನ್ನೆರಡು ವರ್ಷದಿಂದ ಆ ಸಹಿಯೇ ನನಗೆ ಅನ್ನ ಹಾಕುತ್ತಿದೆ.

ಈ ಸಲದ ಕೆಲಸ ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನದು. ಫೋನ್ ಬಂದ ಕೂಡಲೇ ಯಾವ ಗಾಡಿ ಹತ್ತಿರವಿದೆ ಎಂದು ತೋರಿಸುವ ವೆಬ್ ಅಪ್ಲಿಕೇಶನ್. ಅದನ್ನು ಯಾವ ಸರ್ವರ್ ಮೇಲೆ ಓಡಿಸಬೇಕು? ಹಳೆಯದಕ್ಕೆ ನಾನಿಟ್ಟ ಹೆಸರು ಎತ್ತು. ಹೊಸದಕ್ಕೆ ಕುದುರೆ. ಕುದುರೆಯನ್ನು ಮಾರಲು ಬಂದವನು ಸದಾ ಕೋಟು ಹಾಕಿಕೊಂಡೇ ಇರುವ ಒಬ್ಬ ಆಸಾಮಿ. ಡುಮ್ಮ ಅವನ ಬಾಲ.

ನಿನ್ನೆ ಒಂದೊಂದು ಗಂಟೆ ಓಡಿಸಿ ಅಳೆದೆ. ಎತ್ತು ಸೆಕೆಂಡಿಗೆ ಐದು ಸಾವಿರ ಉತ್ತರ ಕೊಟ್ಟಿತು. ಕುದುರೆ ಒಂಬತ್ತು ಸಾವಿರ! ಸಹಿ ಹಾಕಿದೆ. ಕೋಟಿನವನು ಕೈ ಕುಲುಕಿದ ರಭಸಕ್ಕೆ ಭುಜ ನೋಯಿತು.

ಇವತ್ತು ಊಟದ ಹೊತ್ತಿನಲ್ಲಿ ಎಲ್ಲ ಕೆಟ್ಟಿತು. ಕೆಡಿಸಿದವಳು ನನ್ನ ಅಕ್ಕ.

ಅಕ್ಕ ಅದೇ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವವಳು. ಡಬ್ಬಿಯ ಮುಚ್ಚಳ ತೆಗೆಯುತ್ತಾ, ನಿನ್ನ ಟೆಸ್ಟ್ ಹೇಗೆ ನಡೆಯುತ್ತೆ ಎಂದು ಕೇಳಿದಳು. ಜಂಭದಿಂದಲೇ ವಿವರಿಸಿದೆ. ನಾನೇ ಬರೆದ ಟೂಲ್, ಅದರೊಳಗೆ ಐವತ್ತು ಸುಳ್ಳು ಗಿರಾಕಿಗಳು. ಒಬ್ಬೊಬ್ಬನೂ ಸರ್ವರ್‌ಗೆ ಒಂದು ಪ್ರಶ್ನೆ ಕೇಳುತ್ತಾನೆ, ಉತ್ತರ ಬರುವ ತನಕ ಕಾಯುತ್ತಾನೆ, ಬಂದ ಮೇಲೆ ಇನ್ನೊಂದು ಕೇಳುತ್ತಾನೆ.

ಅಕ್ಕನ ಕೈಯ ತುತ್ತು ಅರ್ಧದಲ್ಲೇ ನಿಂತಿತು.

"ಸರ್ವರ್ ಗಪ್ ಅಂತ ನಿಂತ್ಬಿಟ್ರೆ?"

"ಗಿರಾಕೀನೂ ಕಾಯ್ತಾನೆ."

"ಅಷ್ಟು ಹೊತ್ತು ಹೊಸಬರು ಯಾರೂ ಫೋನೇ ಮಾಡಲ್ವಾ? ಲೋ, ಜನ ಸರದಿ ನೋಡ್ಕೊಂಡು ಎದೆ ಹಿಡ್ಕೊಳಲ್ಲ ಕಣೋ."

ಎದೆ ಹಿಡಿದುಕೊಳ್ಳುವ ಸರದಿ ನನ್ನದಾಯಿತು. ನಿನ್ನೆಯ ಪಟ್ಟಿಯ ಕೊನೆಯ ಸಾಲು ನೆನಪಿಗೆ ಬಂತು. ಕುದುರೆ ಕೊಟ್ಟ ಮೂರು ಕೋಟಿ ಉತ್ತರಗಳಲ್ಲಿ ಆರುನೂರು ಮಾತ್ರ ಹನ್ನೊಂದು ಸೆಕೆಂಡ್ ತಡ. ಯಾವ ಲೆಕ್ಕ ಎಂದು ಬಿಟ್ಟಿದ್ದೆ. ಆದರೆ ಐವತ್ತು ಗಿರಾಕಿಗಳಿಗೆ ಆರುನೂರು ಎಂದರೆ ಗಂಟೆಗೆ ಹನ್ನೆರಡು ಸಲ; ಕುದುರೆ ಐದೈದು ನಿಮಿಷಕ್ಕೊಮ್ಮೆ ಕೆಲಸ ಬಿಟ್ಟು, ತನ್ನ ಮೆಮೊರಿಯ ಕಸ ಗುಡಿಸುತ್ತಾ ನಿಲ್ಲುತ್ತಿತ್ತು. ಆಗ ನನ್ನ ಐವತ್ತು ಗಿರಾಕಿಗಳೂ ಮರ್ಯಾದಸ್ಥರ ಹಾಗೆ ಬಾಯಿ ಮುಚ್ಚಿಕೊಂಡಿದ್ದರು. ಟಿಕೆಟ್ ಕೌಂಟರಿನವನು ಎದ್ದು ಹೋದಾಗ ಕ್ಯೂ ಎಣಿಸುವವನೂ ಎದ್ದು ಹೋದ ಹಾಗೆ.

ತಪ್ಪು ಕುದುರೆಯದಷ್ಟೇ ಅಲ್ಲ, ನನ್ನ ಟೂಲಿನದು ಕೂಡ.

ಟೂಲ್ ತಿದ್ದಿದೆ. ಇನ್ನು ಮೇಲೆ ಗಡಿಯಾರ ನೋಡಿಕೊಂಡು ಸೆಕೆಂಡಿಗೆ ಎರಡು ಸಾವಿರ ಪ್ರಶ್ನೆ. ಹಿಂದಿನದಕ್ಕೆ ಉತ್ತರ ಬಂದರೂ ಸರಿ, ಬಾರದಿದ್ದರೂ ಸರಿ. ಎತ್ತಿಗೆ ಅರ್ಧ ಗಂಟೆ, ಕುದುರೆಗೆ ಅರ್ಧ ಗಂಟೆ. ಕುದುರೆಯನ್ನು ಇನ್ನೊಮ್ಮೆ ಓಡಿಸಬೇಕು ಎಂದು ರೂಮಿನ ಕೀ ಕೇಳಿದ್ದೇ ಎಡವಟ್ಟಾಯಿತು. ಕೋಟಿನವನಿಗೆ ವಾಸನೆ ಬಡಿಯಿತು. ಡುಮ್ಮನನ್ನು ಕಳಿಸಿದ.

"ಕೊಡ್ತೀಯೋ, ಕಿತ್ಕೊಳ್ಳಲೋ?" ಎಂದ ಡುಮ್ಮ.

ಜಾಕೆಟ್ಟನ್ನು ಅವನ ಕೈಯಲ್ಲೇ ಬಿಟ್ಟು ನುಣುಚಿಕೊಂಡೆ. ಲ್ಯಾಪ್‌ಟಾಪ್ ಕಂಕುಳಲ್ಲಿ. ಓಟ! ಏಳನೇ ಮಹಡಿ... ಆರು... ಐದು... ಹಿಂದೆ ಡುಮ್ಮನ ಬೂಟು ದಡದಡ. ನೆಲ ಒರೆಸುವವಳ ಬಕೆಟ್ ದಾಟಿ ಹಾರಿದೆ. ಅವನು ಹಾರಲಿಲ್ಲ, ಬಕೆಟ್ ಸಮೇತ ಬಂದ. ಅವಳು ನಮ್ಮಿಬ್ಬರ ವಂಶವನ್ನೂ ನೆನೆದಳು.

ಎರಡನೇ ಮಹಡಿಯಲ್ಲಿ ಸಿಕ್ಕಿಬಿದ್ದೆ. ಅವನು ಲ್ಯಾಪ್‌ಟಾಪ್ ಕಿತ್ತುಕೊಂಡು ಮೆಟ್ಟಿಲ ಕಂಬಿಗೆ ಬಡಿದ. ಎರಡು ಹೋಳು.

"ಮುಗೀತು ನಿನ್ ಟೆಸ್ಟು," ಎಂದ, ಏದುಸಿರು ಬಿಡುತ್ತಾ.

ನಾನು ಅಳುವ ಮುಖ ಮಾಡಿದೆ. ಟೆಸ್ಟ್ ಓಡುತ್ತಿದ್ದದ್ದು ಅಕ್ಕನ ಮೇಜಿನ ಕೆಳಗಿದ್ದ ಹಳೇ ಕಂಪ್ಯೂಟರಿನಲ್ಲಿ. ನನ್ನ ಹಿಂದೆ ಓಡುತ್ತಿದ್ದಷ್ಟು ಹೊತ್ತು, ಕುದುರೆಯ ಕೇಬಲ್ ಕಿತ್ತರೆ ಸಾಕಿತ್ತು ಎಂಬುದು ಪಾಪ, ಅವನಿಗೆ ಹೊಳೆಯಲೇ ಇಲ್ಲ.

ನಾಲ್ಕು ಗಂಟೆ. ಆಂಬ್ಯುಲೆನ್ಸ್ ಸೇವೆಯ ಮುಖ್ಯಸ್ಥೆ ಡಾಕ್ಟರಮ್ಮ ಮೇಜಿನ ತುದಿಯಲ್ಲಿ ಕೂತಿದ್ದರು. ಹೊಸ ಅಂಕಿಗಳನ್ನು ಅವರ ಮುಂದಿಟ್ಟೆ. ಎತ್ತು ಎಷ್ಟೇ ತಡವಾದರೂ ಅರ್ಧ ಸೆಕೆಂಡ್. ಕುದುರೆ ಒಂದೊಂದು ಸಲ ನಿಂತಾಗಲೂ ಇಪ್ಪತ್ತೆರಡು ಸಾವಿರ ಪ್ರಶ್ನೆ ಬಾಕಿ.

ಕೋಟಿನವನು ನಗುತ್ತಲೇ ನಿನ್ನೆಯ ಕಾಗದ ತೆಗೆದ. "ಇದು ನಿಮ್ದೇ ಸಹಿ ತಾನೇ, ಸ್ಟಾಪ್‌ವಾಚ್?"

"ನಂದೇ. ತಪ್ಪು ಟೂಲಲ್ಲಿ ಅಳೆದೆ."

"ಇದೇ ಟೂಲಲ್ಲಿ ಇಷ್ಟು ವರ್ಷ ಅಳೆದಿದ್ದೆಲ್ಲ?"

ಅವನಿಗೆ ಬೇಕಾಗಿದ್ದು ಅದೇ. ಇದು ಸುಳ್ಳಾದರೆ ನಾನು ಸಹಿ ಹಾಕಿದ ಬೇರೆ ನಲವತ್ತೊಂದು ರಿಪೋರ್ಟೂ ಅನುಮಾನ. ಹನ್ನೆರಡು ವರ್ಷದ ಹೆಸರು ಮಣ್ಣುಪಾಲು. ಹೆದರಿದೆ, ಸುಳ್ಳೇಕೆ ಹೇಳಲಿ. ಡುಮ್ಮನ ಕೈಗೂ ಅಷ್ಟು ಹೆದರಿರಲಿಲ್ಲ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಹೆಡ್‌ಸೆಟ್ ಕುತ್ತಿಗೆಗೆ ಇಳಿಬಿಟ್ಟುಕೊಂಡು. ಹನ್ನೊಂದು ಸೆಕೆಂಡ್ ಅಂದರೆ ನಿಮಗೆ ಎಷ್ಟು ಎಂದು ಡಾಕ್ಟರಮ್ಮ ಅವಳನ್ನೇ ಕೇಳಿದರು.

"ನನ್ ಕಿವೀಲಿ ಒಬ್ಬ ತಾಯಿ ಅಳ್ತಿರ್ತಾಳೆ ಮೇಡಂ. ನಾನು ಖಾಲಿ ಸ್ಕ್ರೀನ್ ನೋಡ್ತಾ ಇರ್ತೀನಿ. ಅಷ್ಟು."

"ಎಲ್ಲವನ್ನೂ ಮತ್ತೆ ಅಳೀಬೇಕು," ಎಂದೆ ನಾನು. "ಆ ನಲವತ್ತೊಂದನ್ನೂ."

ಎತ್ತು ಉಳಿಯಿತು. ಕೋಟಿನವನು ಹೋಗುವಾಗ ಕೈ ಕುಲುಕಲಿಲ್ಲ. ಭುಜಕ್ಕೆ ಒಳ್ಳೆಯದೇ ಆಯಿತು.

ಸಂಜೆ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತು ನಲವತ್ತೊಂದು ಮಂದಿಗೆ ಫೋನ್ ಮಾಡಲು ಶುರುಮಾಡಿದೆ. ನಿಮ್ಮ ರಿಪೋರ್ಟ್ ನಂಬಬೇಡಿ, ನಾನೇ ಸಹಿ ಹಾಕಿದ್ದು ಎಂದೆ. ಮೊದಲನೆಯವರು ಬಾಯಿಗೆ ಬಂದಂತೆ ಬೈದರು.

ಬೈಗುಳ ಶುರುವಾಗಲು ಹನ್ನೊಂದು ಸೆಕೆಂಡ್ ಹಿಡಿಯಿತು... ಈ ಸಲ ಎಣಿಸಿದೆ.