ಇಲ್ಲದ ಬೆಕ್ಕಿನ ಮರಿಗೆ ಹಾಲು

"ಚಿಕ್ಕಮ್ಮಾ, ಇದನ್ನ ಒಂದನೇ ಕ್ಲಾಸಿನ ಮಕ್ಕಳೂ ನಂಬಲ್ಲ," ಎಂದಳು ಪಿಟೀಲು.

ಚಿಕ್ಕಮ್ಮ ಬರೆದಿದ್ದ ಮೇಲ್ ಕಂಪ್ಯೂಟರ್ ಪರದೆಯ ಮೇಲೆ ಹೀಗಿತ್ತು: 'ನಿಮಗೆ ಕಾರು ಬಹುಮಾನ ಬಂದಿದೆ. ಪಾಸ್‌ವರ್ಡ್ ಕೊಟ್ಟು ಪಡೆಯಿರಿ.'

ಪಿಟೀಲು ಅವಳ ನಿಜವಾದ ಹೆಸರಲ್ಲ. ಪಾಪು ಆಗಿದ್ದಾಗ ಒಂದೇ ಸಮನೆ ಕುಂಯ್ ಕುಂಯ್ ಅಂತ ಅಳುತ್ತಿದ್ದಳಂತೆ, ಅದಕ್ಕೆ ಆ ಹೆಸರು ಅಂಟಿಕೊಂಡಿತು. ಅಪ್ಪ ಯೂನಿವರ್ಸಿಟಿಯಲ್ಲಿ ಮಣ್ಣಿನ ಬಗ್ಗೆ ಪಾಠ ಮಾಡುವ ಮೇಷ್ಟ್ರು. ಚಿಕ್ಕಮ್ಮ ಅಲ್ಲೇ ಕಂಪ್ಯೂಟರ್ ವಿಭಾಗದಲ್ಲಿದ್ದಳು. ಅವತ್ತು ಸ್ಕೂಲಿಗೆ ರಜೆ, ಹಾಗಾಗಿ ಪಿಟೀಲು ಚಿಕ್ಕಮ್ಮನ ಪಕ್ಕದ ಕುರ್ಚಿಯಲ್ಲಿ ಗಿರಗಿರ ತಿರುಗುತ್ತಿದ್ದಳು.

"ಮೇಷ್ಟ್ರುಗಳಿಗೆ ಸುಳ್ಳು ಮೇಲ್ ಯಾಕೆ ಕಳಿಸ್ತೀಯ?"

"ಪರೀಕ್ಷೆ ಮಾಡೋಕೆ. ಹೋದ ವರ್ಷ ಯಾರೋ ಇಂಥ ಮೇಲ್ ನಂಬಿ ಪಾಸ್‌ವರ್ಡ್ ಕೊಟ್ಟುಬಿಟ್ಟರು. ಕಳ್ಳರು ಒಳಗೆ ನುಗ್ಗಿ ಎಲ್ಲ ಕಂಪ್ಯೂಟರ್ ಕೆಡಿಸಿಟ್ಟರು. ರಿಸಲ್ಟ್ ತಡವಾಯ್ತು. ಲೈಬ್ರರಿ ಚಾವಣಿ ರಿಪೇರಿಗೆ ಇಟ್ಟಿದ್ದ ದುಡ್ಡೆಲ್ಲ ಕಂಪ್ಯೂಟರ್ ಸರಿ ಮಾಡೋಕೆ ಹೋಯ್ತು. ಮಳೆ ಬಂದರೆ ಅಲ್ಲಿ ಇವತ್ತಿಗೂ ಬಕೆಟ್ ಇಡ್ತಾರೆ."

"ಕಾರು ಅಂದರೆ ಅಪ್ಪ ತಿರುಗಿಯೂ ನೋಡಲ್ಲ. ನಾನು ಬರೀಲಾ?"

ನಾಲಿಗೆ ಕಚ್ಚಿಕೊಂಡು, ಒಂದೇ ಬೆರಳಲ್ಲಿ ಅವಳು ಬರೆದಳು: 'ಸ್ಟೋರ್‌ರೂಮಿನಲ್ಲಿ ಒಂದು ಬೆಕ್ಕಿನ ಮರಿ ಸಿಕ್ಕಿಹಾಕಿಕೊಂಡಿದೆ. ಒಂದು ಕಿವಿ ಕಪ್ಪು. ಅತ್ತು ಅತ್ತು ಗಂಟಲು ಕಟ್ಟಿದೆ. ಈಗ ಬರೀ ಬಾಯಿ ತೆರೆಯುತ್ತೆ, ಸದ್ದು ಬರಲ್ಲ. ಫೋಟೋ ನೋಡಲು ಪಾಸ್‌ವರ್ಡ್ ಹಾಕಿ.'

ಚಿಕ್ಕಮ್ಮ ಎರಡು ಸಲ ಓದಿದಳು. "ನೀನು ದೊಡ್ಡವಳಾದ ಮೇಲೆ ಕಳ್ಳಿ ಮಾತ್ರ ಆಗಬೇಡ ತಾಯಿ," ಅಂದು ಕಳಿಸಿದಳು.

ಪಾಸ್‌ವರ್ಡ್ ಏನು ಅಂತ ಚಿಕ್ಕಮ್ಮನಿಗೆ ಕಾಣುತ್ತಿರಲಿಲ್ಲ. ಯಾರು ಯಾರು ಹಳ್ಳಕ್ಕೆ ಬಿದ್ದರು ಅಂತಷ್ಟೇ ಗೊತ್ತಾಗುತ್ತಿತ್ತು. ಒಬ್ಬರಾದ ಮೇಲೆ ಒಬ್ಬರು ಬೀಳತೊಡಗಿದರು. ಕುಲಪತಿಗಳಂತೂ ಉತ್ತರವನ್ನೇ ಬರೆದಿದ್ದರು: 'ನನಗೆ ಬೆಕ್ಕು ಆಗಲ್ಲ, ಸೀನು ಬರುತ್ತೆ. ಆದರೂ ಮರಿ ಏನಾದರೂ ತಿಂದಿದೆಯಾ, ತಿಳಿಸಿ.'

ಅಷ್ಟರಲ್ಲಿ ಹೊರಗೆ ಗಲಾಟೆ. ಇಬ್ಬರೂ ಓಡಿದರು.

ಸ್ಟೋರ್‌ರೂಮಿನ ಮುಂದೆ ಜಾತ್ರೆಯೋ ಜಾತ್ರೆ. ಗಣಿತದ ಮೇಷ್ಟ್ರು ಟೀ ಕಪ್ಪಿನಲ್ಲಿ ಹಾಲು ಹಿಡಿದು ನಿಂತಿದ್ದರು. ಲೈಬ್ರರಿಯವರು ಟವೆಲ್ ತಂದಿದ್ದರು. ಇತಿಹಾಸದ ಮೇಡಂ ಮಂಡಿಯೂರಿ, ಬಾಗಿಲಿನ ಸಂದಿಗೆ ಬಾಯಿಟ್ಟು "ಮಿಯಾಂವ್" ಎಂದರು.

ಒಳಗಿಂದಲೂ "ಮಿಯಾಂವ್" ಎಂದು ಕೇಳಿತು.

"ಜೀವ ಇದೆ," ಎಂದರು ಮೇಡಂ, ಕಣ್ಣೊರೆಸಿಕೊಂಡು. "ಮಿಯಾಂವ್?"

"ಮಿಯಾಂವ್," ಎನ್ನುತ್ತಾ ಬಾಗಿಲು ತೆರೆದು ಹೊರಗೆ ಬಂದವರು ಮೈಯೆಲ್ಲ ಧೂಳಾಗಿದ್ದ ಸ್ಟೋರ್ ಕೀಪರ್. ಮರಿ ಹುಡುಕುತ್ತಾ ಅವರು ಕಪಾಟಿನ ಹಿಂದೆ ಸೇರಿಕೊಂಡಿದ್ದರು.

ಪಿಟೀಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಗಲೇ ಅಪ್ಪ ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ರಟ್ಟಿನ ಡಬ್ಬ. ಒಳಗೆ ತಮ್ಮ ಸ್ವೆಟರನ್ನು ಮೆತ್ತಗೆ ಹಾಸಿದ್ದರು. ಅರ್ಧಕ್ಕೆ ನಿಂತ ಪಾಠದ ವಿದ್ಯಾರ್ಥಿಗಳೆಲ್ಲ ಹಿಂದೆಯೇ ಬಂದಿದ್ದರು.

ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡು ಹೇಳಿದಳು, "ಮರಿ ಇಲ್ಲ. ಅದು ಪರೀಕ್ಷೆ. ನಿಜವಾದ ಕಳ್ಳರಾಗಿದ್ದರೆ ಇಷ್ಟೊತ್ತಿಗೆ ನಿಮ್ಮ ಮೇಲ್ ಅವರ ಕೈಯಲ್ಲಿರ್ತಿತ್ತು."

ಅಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಸ್ವೆಟರ್ ತೆಗೆದು ಕೊಡವಿ, ಅಷ್ಟು ಸೆಖೆಯಲ್ಲೂ ಅದನ್ನು ಹಾಕಿಕೊಂಡರು. ಪಿಟೀಲುವಿನ ನಗು ಅಲ್ಲಿಗೇ ನಿಂತಿತು.

ಮಧ್ಯಾಹ್ನ ಹಳ್ಳಕ್ಕೆ ಬಿದ್ದವರಿಗೆಲ್ಲ ಚಿಕ್ಕಮ್ಮನ ಕ್ಲಾಸು. ಪಿಟೀಲು ಬೋರ್ಡಿನ ಪಕ್ಕ ನಿಂತಳು. ಮುಂದಿನ ಬೆಂಚಿನಲ್ಲೇ ಅಪ್ಪ, ಬೆವರುತ್ತಾ.

"ಭಾವಾ, ಅಲ್ಲ, ಸರ್, ಆ ಮೇಲ್‌ನಲ್ಲಿ ಏನು ತಪ್ಪಿತ್ತು?"

ಅಪ್ಪ ಎದ್ದು ನಿಂತರು. "ಮರಿ ಒಳಗಿದ್ದರೆ ಬಾಗಿಲು ತೆಗೆದರೆ ಸಾಕು. ಪಾಸ್‌ವರ್ಡ್ ಯಾಕೆ? ಅದು ನನಗೆ ಆಮೇಲೆ ಹೊಳೀತು." ಎಲ್ಲರೂ ನಕ್ಕರು. "ಆದರೆ ಸದ್ದು ಬರಲ್ಲ ಅಂತ ಇತ್ತಲ್ಲ, ಅದನ್ನ ಓದಿದ ಮೇಲೆ ಬೇರೇನೂ ತೋಚಲಿಲ್ಲ."

ಪಿಟೀಲು ಬೆಂಚುಗಳ ಕಡೆ ನೋಡಿದಳು. ಗಣಿತದ ಮೇಷ್ಟ್ರ ಮುಂದೆ ಹಾಲಿನ ಕಪ್ಪು ಹಾಗೇ ಇತ್ತು, ಕೆನೆ ಕಟ್ಟಿತ್ತು. ಲೈಬ್ರರಿಯವರು ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಬೆಳಗ್ಗೆ ಇವರನ್ನೆಲ್ಲ ಅವಳು ಪೆದ್ದರು ಅಂದುಕೊಂಡಿದ್ದಳು.

ಮೆಲ್ಲಗೆ ಹೋಗಿ ಅಪ್ಪನ ಪಕ್ಕ ಬೆಂಚಿನ ತುದಿಯಲ್ಲಿ ಕೂತಳು.

"ಅಪ್ಪಾ, ಅದನ್ನ ಬರೆದಿದ್ದು ನಾನು."

ಅಪ್ಪ ಅವಳ ಕಡೆ ತಿರುಗಿದರು. "ಕಪ್ಪು ಕಿವಿನೂ ನಿಂದೇನಾ?"

"ಹೂಂ."

ಅವರು ಸ್ವಲ್ಪ ಸರಿದು ಜಾಗ ಕೊಟ್ಟರು.

"ಈಗ ಎಲ್ಲರೂ ಪಾಸ್‌ವರ್ಡ್ ಬದಲಾಯಿಸಿ," ಎಂದಳು ಚಿಕ್ಕಮ್ಮ.

ಅಪ್ಪ ಲ್ಯಾಪ್‌ಟಾಪ್ ತೆರೆದರು. ಬೆರಳು ಎತ್ತಿದವರು ಮಗಳ ಕಡೆ ನೋಡಿ ಹಾಗೇ ನಿಲ್ಲಿಸಿದರು. ಅವರು ಕೇಳುವ ಮೊದಲೇ ಪಿಟೀಲು ಎರಡೂ ಕೈಯಿಂದ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಟಕಟಕ ಸದ್ದು ನಿಂತ ಮೇಲೂ, ಅಪ್ಪ "ಆಯ್ತು" ಅನ್ನುವವರೆಗೆ ಕೈ ತೆಗೆಯಲಿಲ್ಲ.