ಮೀನಕ್ಕನಿಗೊಂದು ದ್ವೀಪ

"ನೀವು ತೋರಿಸಿದ ದ್ವೀಪಗಳೆಲ್ಲ ಚೆನ್ನಾಗಿವೆ. ಆದರೆ ಇದರಲ್ಲಿ ಡಯಾಲಿಸಿಸ್ ಎಲ್ಲಿ ಮಾಡ್ತಾರೆ?"

ಪ್ರವಾಸದ ಆಫೀಸಿನ ಆ ಯುವಕ ಅಲ್ಲಿಯವರೆಗೆ ಬಿಡುವಿಲ್ಲದೆ ಮಾತಾಡುತ್ತಿದ್ದ. ಬಿಳಿ ಮರಳು, ತಿಳಿ ನೀರು, ಗಾಜಿನ ತಳದ ದೋಣಿ... ಒಬ್ಬರೇ ಹೋಗ್ತೀರಾ, ಯಜಮಾನರೂ ಬರ್ತಾರಾ ಎಂದು ನಗುನಗುತ್ತಾ ಕೇಳಿಯೂ ಆಗಿತ್ತು. ಅವಳ ಪ್ರಶ್ನೆಗೆ ಅವನ ಕೈ ಮೇಜಿನ ಮೇಲೆ ಹರಡಿದ್ದ ಬಣ್ಣದ ಚಿತ್ರಗಳ ಮೇಲೆಯೇ ನಿಂತುಬಿಟ್ಟಿತು.

ಅರ್ಥವಾಗಲಿಲ್ಲವೇನೋ ಎಂದು ಅವಳು ಕೊರಳಿಗೆ ಸುತ್ತಿದ್ದ ಸ್ಕಾರ್ಫನ್ನು ಸ್ವಲ್ಪ ಸರಿಸಿದಳು. ಕೊರಳೆಲುಬಿನ ಕೆಳಗೆ, ಬ್ಯಾಂಡೇಜಿನಡಿಯಿಂದ ಸಣ್ಣ ನಳಿಕೆ ಇಣುಕುತ್ತಿತ್ತು.

"ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಮೆಷೀನಿಗೆ ಹೋಗಲೇಬೇಕು. ಪಾಪ ಅನ್ನೋ ಮುಖ ಮಾತ್ರ ಮಾಡಬೇಡಿ. ಅದನ್ನ ಮನೆಯಲ್ಲೇ ಬೇಕಾದಷ್ಟು ನೋಡ್ತೀನಿ."

ಅವನು ಚಿತ್ರಗಳನ್ನೆಲ್ಲ ಒಟ್ಟುಮಾಡಿ ಪಕ್ಕಕ್ಕಿಟ್ಟ. ಫೋನನ್ನು ಹತ್ತಿರ ಎಳೆದುಕೊಂಡ.

"ಒಂದೊಂದೇ ದ್ವೀಪಕ್ಕೆ ಫೋನ್ ಮಾಡಿ ಕೇಳೋಣ. ಎಲ್ಲಾದರೂ ಇದ್ದೇ ಇರುತ್ತೆ."

ಆ 'ಕೇಳೋಣ' ಎಂಬ ಮಾತಿಗೆ ಅವಳ ಎದೆ ಯಾಕೆ ಹಾಗೆ ಹೊಡೆದುಕೊಂಡಿತೋ... ಕಾಯಿಲೆ ಬಂದಾಗಿನಿಂದ ಎಲ್ಲರೂ ಅವಳಿಗೆ ಬೇಡ ಎಂದಿದ್ದರು. ನೀರು ಜಾಸ್ತಿ ಕುಡಿಯಬೇಡ, ಹಣ್ಣು ತಿನ್ನಬೇಡ, ದಣಿಯಬೇಡ. ಕೇಳೋಣ ಎಂದವರು ಯಾರೂ ಇರಲಿಲ್ಲ.

ಅವಳು ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ನೀರಿಗಿಳಿದರೆ ಹತ್ತುವುದೇ ಇಲ್ಲವೆಂದು ಮಕ್ಕಳು ಅವಳಿಗೆ ಮೀನಕ್ಕ ಎಂದು ಹೆಸರಿಟ್ಟಿದ್ದರು. ಈಗ ಆ ನಳಿಕೆಗೆ ನೀರು ತಾಕಬಾರದು. ಮೀನಕ್ಕ ಕೊಳದ ದಂಡೆಯ ಮೇಲೆ ಉದ್ದನೆಯ ಕೋಲು ಹಿಡಿದು ನಿಂತು, ಕಾಲು ಬಡಿಯಿರಿ, ತಲೆ ಎತ್ತಬೇಡಿ ಎಂದು ಕೂಗಿ ಹೇಳುತ್ತಾಳೆ. ಕ್ಲೋರಿನ್ ವಾಸನೆ ಮೂಗಿಗೆ ಬಡಿದಾಗ ಮೈಯೆಲ್ಲ ನೀರನ್ನು ಬೇಡುತ್ತದೆ.

ದ್ವೀಪಕ್ಕೆ ಹೋದರೂ ಈಜಲಾಗದೆಂದು ಅವಳಿಗೆ ಗೊತ್ತಿತ್ತು. ಮೊಣಕಾಲು ಮುಳುಗುವಷ್ಟು ಬೆಚ್ಚನೆಯ ಸಮುದ್ರದಲ್ಲಿ ಒಮ್ಮೆ ನಿಂತು, ತನ್ನ ಪಾದ ತನಗೆ ಕಾಣಬೇಕು. ಅಷ್ಟೇ ಆಸೆ.

ಮನೆಯಲ್ಲಿ ಅಣ್ಣ, ಅತ್ತಿಗೆ. ಅಣ್ಣ ತನ್ನ ಕಿಡ್ನಿ ಕೊಡಲು ಹೋಗಿ, ಹೊಂದುವುದಿಲ್ಲವೆಂದು ಡಾಕ್ಟರು ಹೇಳಿದ ದಿನ ಮೂಲೆ ಹಿಡಿದು ಕೂತಿದ್ದ. ಅತ್ತಿಗೆ ನಗಿಸಲು ನೋಡಿದ್ದಳು. "ಬಿಡು, ನಿಮ್ಮಣ್ಣನದು ಯಾವುದು ತಾನೇ ಯಾರಿಗೆ ಹೊಂದಿದೆ? ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಹೊಂದಿಲ್ಲ." ಹಾಗಂದವಳೇ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಆಫೀಸಿನವನು ಆಡಿದ ಮಾತಿಗೆ ತಪ್ಪಲಿಲ್ಲ. ಸಂಜೆ ಕೆಲಸ ಮುಗಿಸಿ ಕೊಳದ ಹತ್ತಿರ ಬಂದು ಸುದ್ದಿ ಹೇಳುತ್ತಿದ್ದ. ಒಂದು ದ್ವೀಪದ ಆಸ್ಪತ್ರೆಯಲ್ಲಿ ಬರೀ ಹೆರಿಗೆ ಮಾಡಿಸುತ್ತಾರಂತೆ. ಇನ್ನೊಂದರಲ್ಲಿ ಮೆಷೀನಿದೆ, ಕರೆಂಟಿಲ್ಲ. ಮತ್ತೊಂದು ಕಡೆ ಫೋನ್ ಎತ್ತಿದವರು ಅವನ ಮಾತೇ ತಿಳಿಯದೆ ಹೋಟೆಲ್ ರೂಮು ಕೊಡಲು ಒಪ್ಪಿಬಿಟ್ಟರಂತೆ. ಅವಳು ಹೊಟ್ಟೆ ಹಿಡಿದು ನಕ್ಕಳು. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ...

ಅವನಿಗೆ ಈಜೇ ಬರುತ್ತಿರಲಿಲ್ಲ. ದಿನವಿಡೀ ಸಮುದ್ರ ಮಾರುವವನಿಗೆ ಮೂಗು ಮುಳುಗಿಸಲೂ ಭಯ. ಒಂದು ಸಂಜೆ ಅವಳು ಅವನನ್ನು ಕೊಳಕ್ಕಿಳಿಸಿ, ಕೋಲಿನ ತುದಿ ಹಿಡಿಸಿ, ಆಳವಿಲ್ಲದ ಕಡೆ ದಂಡೆಯುದ್ದಕ್ಕೂ ಎಳೆದುಕೊಂಡು ನಡೆದಳು. ಅವನು ಕಣ್ಣುಮುಚ್ಚಿ ಅವಳ ಕೋಲನ್ನೇ ನಂಬಿ ತೇಲಿದ.

'ಬೇಡ... ಈ ದೇಹ ಇಟ್ಟುಕೊಂಡು ಇನ್ನೊಬ್ಬರ ಮೇಲೆ ಆಸೆ ಪಡಬಾರದು,' ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಕೇಳಲಿಲ್ಲ.

ಕೊನೆಗೆ ಒಂದು ಪುಟ್ಟ ದ್ವೀಪ ಸಿಕ್ಕಿತು. ಆಸ್ಪತ್ರೆಯ ಕಿಟಕಿಯಿಂದಲೇ ಸಮುದ್ರ ಕಾಣುತ್ತದಂತೆ. ಜಾಗ ಉಂಟೋ ಇಲ್ಲವೋ ವಾರದೊಳಗೆ ಹೇಳುತ್ತೇವೆ ಎಂದಿದ್ದರು. ಅವಳ ಡಾಕ್ಟರೂ ಅರೆಮನಸ್ಸಿನಿಂದ ಹೂಂ ಅಂದಿದ್ದರು.

ಆ ವಾರ ಅವನು ಕೊಳದ ಕಡೆ ಬರಲಿಲ್ಲ. ಆಮೇಲೆ ಬಂದವನು ಮುಖ ಕೊಟ್ಟು ಮಾತಾಡಲಿಲ್ಲ. ಅಲ್ಲಿ ಜಾಗ ಇಲ್ಲವಂತೆ, ಬೇರೆ ಕಡೆಯೂ ಆಗುವಂತೆ ಕಾಣುವುದಿಲ್ಲ, ಈ ಯೋಚನೆ ಬಿಟ್ಟುಬಿಡಿ ಎಂದು ಹೇಳಿ ಹೊರಟುಹೋದ.

ಅವಳು ನಂಬಿದಳು. ಹಣೆಯಲ್ಲಿ ಬರೆದಿಲ್ಲ ಎಂದುಕೊಂಡಳು.

ಆದರೆ ಮುಂದಿನ ಸಲ ಮೆಷೀನಿಗೆ ನಳಿಕೆ ಜೋಡಿಸುತ್ತಾ ನರ್ಸಮ್ಮ, ಯಾಕೆ ಮನಸ್ಸು ಬದಲಾಯಿಸಿದೆ ಎಂದು ಕೇಳಿದರು. ದ್ವೀಪದ ಆಸ್ಪತ್ರೆಯವರು ಇವಳ ವಿಷಯಕ್ಕೆ ಇಲ್ಲಿಗೆ ಫೋನ್ ಮಾಡಿದ್ದರಂತೆ. ಇವಳಿಗೆಂದೇ ಜಾಗ ಕಾಯ್ದಿರಿಸಿದ್ದರಂತೆ. ಪ್ರವಾಸದ ಆಫೀಸಿನವರೇ ಬೇಡವೆಂದು ತಿಳಿಸಿದರಂತೆ.

ಅವಳ ರಕ್ತವೆಲ್ಲ ಆ ಮೆಷೀನಿನಲ್ಲೇ ಹೆಪ್ಪುಗಟ್ಟಿದಂತಾಯಿತು.

ಆಸ್ಪತ್ರೆಯಿಂದ ಸೀದಾ ಆಫೀಸಿಗೆ ಹೋದಳು. ನಿಂತುಕೊಂಡೇ ಕೇಳಿದಳು. ಅವನು ಇಲ್ಲವೆನ್ನಲಿಲ್ಲ. ಕಾರಣವನ್ನೂ ಹೇಳಲಿಲ್ಲ. ತಲೆ ತಗ್ಗಿಸಿ ಕೂತ.

"ನೀವೂ ಎಲ್ಲರ ಥರಾನೇ," ಎಂದಳು ಅವಳು. "ನಾನು ಮನುಷ್ಯಳು ಅನ್ನೋದು ನಿಮಗೂ ಮರೆತುಹೋಯ್ತು. ರೋಗಿ ಅಷ್ಟೇ."

ಅದೇ ವಾರ ಚಳಿಜ್ವರ ಹಿಡಿಯಿತು. ನಳಿಕೆಯ ಜಾಗದಲ್ಲಿ ಸೋಂಕಾಗಿ, ಅದು ರಕ್ತಕ್ಕಿಳಿದು ಹೃದಯವನ್ನು ಮುಟ್ಟಿತ್ತು. ವಾರಗಟ್ಟಲೆ ಆಸ್ಪತ್ರೆಯ ಹಾಸಿಗೆ. ಜೀವ ಉಳಿಯಿತು. ಇನ್ನು ವಿಮಾನ, ಪ್ರಯಾಣ ಯಾವುದೂ ಆಗದೆಂದು ಡಾಕ್ಟರು ಹೇಳಿದರು. ಸ್ವಲ್ಪ ಸುಧಾರಿಸಿದ ಮೇಲಾದರೂ ಆಗುತ್ತದೆಯೇ ಎಂದು ಅವಳು ಕೇಳಿದಾಗ, ನೋಡೋಣ ಎಂದವರು ಅವಳ ಮುಖ ನೋಡಲಿಲ್ಲ.

ಅವಳಿಗೆ ಅರ್ಥವಾಯಿತು. ಚೆನ್ನಾಗಿದ್ದದ್ದು ದ್ವೀಪ ಸಿಕ್ಕಿದ್ದ ಅದೊಂದೇ ತಿಂಗಳು. ಹೋಗಬಹುದಾಗಿದ್ದ ಒಂದೇ ಒಂದು ತಿಂಗಳು.

ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಯಾರು ಕರೆದರೂ ಈ ಕಡೆ ತಿರುಗಲಿಲ್ಲ.

ಕೊನೆಗೆ ಅತ್ತಿಗೆಗೆ ತಡೆಯಲಾಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಎಲ್ಲ ಹೇಳಿಬಿಟ್ಟಳು. ಅಣ್ಣನೇ ಆಫೀಸಿಗೆ ಹೋಗಿ ಅವನ ಮುಂದೆ ಕೈಮುಗಿದಿದ್ದ. ನನ್ನ ತಂಗಿ ದೂರದಲ್ಲಿ ಯಾರೂ ಇಲ್ಲದ ಕಡೆ ಹೋಗಿ ಸತ್ತರೆ ನಾನು ಬದುಕಲಾರೆ, ಹೇಗಾದರೂ ತಪ್ಪಿಸಿ ಎಂದು ಅತ್ತಿದ್ದ. ನಾನು ಬಂದದ್ದು ಅವಳಿಗೆ ತಿಳಿಯಬಾರದು ಎಂದು ಮಾತು ತೆಗೆದುಕೊಂಡಿದ್ದ.

"ಆ ಹುಡುಗ ದಿನಾ ಬಂದು ಕೆಳಗೆ ಬೆಂಚಿನ ಮೇಲೆ ಕೂರ್ತಾನೆ," ಎಂದಳು ಅತ್ತಿಗೆ. "ಏನು ಮುಖ ಇಟ್ಟುಕೊಂಡು ನೋಡಲಿ ಅಂತಾನೆ. ನಿಮ್ಮಣ್ಣನೂ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿರ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಮಾತಾಡಲ್ಲ."

ಅವಳು ಗೋಡೆ ಬಿಟ್ಟು ಈ ಕಡೆ ತಿರುಗಿದಳು.

"ಅವನನ್ನ ಕರೀರಿ. ಅಣ್ಣನನ್ನ ಆಮೇಲೆ ನೋಡ್ತೀನಿ."

ಅವನು ಬಂದು ಬಾಗಿಲ ಹತ್ತಿರವೇ ನಿಂತ. ಗಡ್ಡ ಬೆಳೆದಿತ್ತು.

"ಅಣ್ಣ ಹೇಳಿದ್ದಕ್ಕೆ ಮಾಡಿದಿರಾ?"

"ಅವರು ಕೇಳಿಕೊಂಡರು, ನಿಜ," ಎಂದ ಅವನು. "ಆದರೆ ಅವರ ಮೇಲೆ ಹಾಕಲ್ಲ. ನನಗೇ ಭಯವಾಯ್ತು. ಅಲ್ಲಿಗೆ ಹೋದವರು ವಾಪಸ್ ಬರದೇ ಇದ್ದರೆ... ಅಂತ. ಅಷ್ಟೊತ್ತಿಗೆ ನೀವು ನನಗೆ ಬೇಕಾಗಿಬಿಟ್ಟಿದ್ದಿರಿ. ನನ್ನ ಭಯಕ್ಕೆ ನಿಮ್ಮ ಸಮುದ್ರ ಕಳೆದುಬಿಟ್ಟೆ."

"ಹೌದು. ಕಳೆದುಬಿಟ್ಟಿರಿ."

ಅವಳು ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು.

"ಪಾಪ ಅನ್ನಿಸಿ ಬಂದಿದ್ದರೆ ಈಗಲೇ ಹೊರಟುಬಿಡಿ."

"ಪಾಪ ಅಂತ ಬಂದಿಲ್ಲ. ಇಷ್ಟಪಟ್ಟು ಬಂದೆ. ಕ್ಷಮಿಸೋದು ಬಿಡೋದು ನಿಮ್ಮಿಷ್ಟ. ಮೆಷೀನಿನ ಪಕ್ಕ ಕೂರೋಕೆ ಜಾಗ ಕೊಟ್ಟರೆ ಸಾಕು."

"ನನಗೆ ಎಷ್ಟು ದಿನ ಇದೆಯೋ ಗೊತ್ತಿಲ್ಲ."

"ಗೊತ್ತು."

ಅವಳ ಕಣ್ಣಂಚಿನಿಂದ ಇಳಿದ ನೀರು ಕಿವಿಯ ಕಡೆ ಹರಿಯಿತು. ಸಿಟ್ಟು ಇತ್ತು. ಅದರ ಅಡಿಯಲ್ಲಿ, ಎಷ್ಟು ಅದುಮಿದರೂ ಸಾಯದೆ, ಇನ್ನೊಂದೂ ಇತ್ತು.

"ಇನ್ನು ಮೇಲೆ ನನ್ನ ಪರವಾಗಿ ನೀನು ಏನನ್ನೂ ತೀರ್ಮಾನ ಮಾಡಬಾರದು."

ನೀವು ಹೋಗಿ ನೀನು ಆದದ್ದು ಇಬ್ಬರಿಗೂ ಕೇಳಿಸಿತು. ಅವನು ಕುರ್ಚಿ ಎಳೆದುಕೊಂಡು ಹತ್ತಿರ ಕೂತ.

"ಮಾಡಲ್ಲ."

"ಆ ದ್ವೀಪದಲ್ಲಿ ಈಗ ಹೇಗಿದೆ?"

"ಮಳೆಗಾಲ ಶುರುವಾಗಿದೆ."

"ಹಾಗಾದರೆ ಹೋಗಿದ್ದರೂ ಈಗ ಸಮುದ್ರ ಚೆನ್ನಾಗಿರ್ತಿರಲಿಲ್ಲ, ಅಲ್ವಾ?"

ಹೌದು ಎಂದುಬಿಡಬಹುದಿತ್ತು. ಅವನು ಅವಳ ಕೈ ಹಿಡಿದುಕೊಂಡ.

"ಇಲ್ಲ. ಮಳೆಯಲ್ಲೂ ನೀರು ಬೆಚ್ಚಗೇ ಇರುತ್ತಂತೆ."

ಅವಳು ಅತ್ತಳು. ಅಳುತ್ತಲೇ ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದಳು.

"ಹೇಳು... ಇನ್ನೂ ಹೇಗಿರುತ್ತಂತೆ?"